ಹಳೆ ಎಕ್ಸ್5 ಇರ್ಲೋ, ಹೊಸ ಫಾರ್ಚೂನರ್ ಇರ್ಲೋ: ಕಾರಟಗಿ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ. ನಮ್ದು ಕಾರಟಗಿ, ರೈಸ್ ಮಿಲ್ ಐತಿ. ಮನ್ಯಾಗ ಆರು ಮಂದಿ, ನಾನು, ನಮ್ಮ ಮನೆಯವ್ರು, ಇಬ್ರು ಮಕ್ಕಳು, ಅಪ್ಪ, ಅವ್ವ. ಈಗಿರೋ ಹಳೆ ಇನ್ನೋವಾ ಕೊಟ್ಟು ದೊಡ್ಡ ಗಾಡಿ ತಗೊಳ್ಳೋಣ ಅಂತ ಮಾಡೀವಿ, ಬಜೆಟ್ 50 ಲಕ್ಷ. ಬೆಂಗಳೂರಾಗ 2019ರ ಬಿಎಂಡಬ್ಲ್ಯು ಎಕ್ಸ್5 ಡೀಸೆಲ್ 48 ಲಕ್ಷಕ್ಕ ಐತಿ, 62 ಸಾವಿರ ಕಿಲೋಮೀಟರ್ ಓಡೈತಿ. ದೆಲ್ಲಿ ಡೀಲರ್ ಒಬ್ಬ 2017ರ ಆಡಿ ಕ್ಯೂ7 ಡೀಸೆಲ್ 28 ಲಕ್ಷಕ್ಕ ಕೊಡ್ತೀನಿ ಅಂತಾನ. ಇಲ್ಲಾಂದ್ರ ಹೊಸ ಫಾರ್ಚೂನರ್ ಡೀಸೆಲ್ ಆಟೋಮ್ಯಾಟಿಕ್. ತಿಂಗಳಿಗೆ ಎರಡು ಸಲ ಬೆಂಗಳೂರು, ಆಗಾಗ ಹೈದರಾಬಾದ್, ಉಳಿದಂಗ ಮಿಲ್ಲು, ಹೊಲ, ಗಂಗಾವತಿ, ಸಿಂಧನೂರು. ಅವ್ವಗ ಮೊಣಕಾಲು ನೋವು. ಯಾವುದು ತಗೊಳ್ಳಿ?

ಉತ್ತರ: ನಮಸ್ಕಾರ ಸಾವಕಾರ್ರ. ಮೊದ್ಲು ನೇರ ಉತ್ತರ ಹೇಳಿಬಿಡ್ತೀನಿ, ಕಾರಣ ಆಮ್ಯಾಲೆ. ನಿಮ್ಮ ಮನಿಗೆ, ನಿಮ್ಮ ಊರಿಗೆ, ಇದೊಂದೇ ಗಾಡಿ ಅನ್ನೋದಾದ್ರ ಹೊಸದೇ ತಗೋರಿ. ದೆಲ್ಲಿ ಕ್ಯೂ7 ಬಿಟ್ಟೇಬಿಡ್ರಿ. ಎಕ್ಸ್5 ಒಳ್ಳೆ ಗಾಡಿ, ಆದ್ರ ಆ ಗಾಡಿ ನಿಮಗ ಎರಡನೇ ಗಾಡಿ ಆಗಬೇಕೇ ಹೊರತು ಇರೋ ಒಂದೇ ಗಾಡಿ ಆಗಬಾರ್ದು.

ಎಕ್ಸ್5ದು ಒಂದು ವಿಷಯ ಯಾರೂ ನಿಮಗ ಹೇಳಿಲ್ಲ ಅನ್ನಿಸ್ತೈತಿ. 2019ರಾಗ ನಮ್ಮ ದೇಶಕ್ಕ ಬಂದ ಆ ಮಾಡೆಲ್‌ಗೆ ಇರೋದು ಐದೇ ಸೀಟು. ಫೋಟೋದಾಗ ನೋಡಿದ್ರ ಇಷ್ಟು ದೊಡ್ಡ ಗಾಡಿ, ಹಿಂದ ಮೂರನೇ ಸಾಲು ಇದ್ದೇ ಇರ್ತೈತಿ ಅಂತ ಯಾರಿಗಾದ್ರೂ ಅನ್ನಿಸ್ತೈತಿ. ಇಲ್ಲ. ನೀವು ಆರು ಮಂದಿ. ಮಂತ್ರಾಲಯಕ್ಕ ಹೊಂಟ್ರ, ಅಂಜನಾದ್ರಿಗೆ ಹೊಂಟ್ರ ಒಬ್ರು ಮನ್ಯಾಗ ಇರಬೇಕು, ಇಲ್ಲಾ ಇನ್ನೊಂದು ಗಾಡಿ ತೆಗೀಬೇಕು. ಇನ್ನೋವಾ ಬೇರೆ ಕೊಡ್ತೀನಿ ಅಂತೀರಿ. 48 ಲಕ್ಷ ಕೊಟ್ಟು ಮನಿ ಮಂದಿನ್ನೆಲ್ಲ ಕೂಡಿಸ್ಕೊಂಡು ಹೋಗಾಕ ಆಗಲ್ಲ ಅಂದ್ರ ಅಲ್ಲಿಗೇ ಮಾತು ಮುಗೀತು, ಆದ್ರೂ ಉಳಿದಿದ್ದೂ ಹೇಳ್ತೀನಿ, ಯಾಕಂದ್ರ ನಾಳೆ ಯಾರಾದ್ರೂ ಏಳು ಸೀಟಿನ ಮರ್ಸಿಡಿಸ್ ಜಿಎಲ್‌ಎಸ್ ಐತಿ, ವೋಲ್ವೊ ಎಕ್ಸ್‌ಸಿ90 ಐತಿ ಅಂತ ತಂದು ತೋರಿಸಿದ್ರ ನಿಮಗ ಲೆಕ್ಕ ಗೊತ್ತಿರಬೇಕು.

ಹಳೆ ಲಕ್ಸುರಿ ಗಾಡಿ ಬೆಲೆ ಅರ್ಧಕ್ಕ ಇಳೀತೈತಿ, ಆದ್ರ ಅದರ ಸ್ಪೇರ್ ಪಾರ್ಟ್ ಬೆಲೆ ಇಳಿಯಂಗಿಲ್ಲ. ಆ ಎಕ್ಸ್5 ಹೊಸದಿದ್ದಾಗ ಎಕ್ಸ್‌ಶೋರೂಮ್ ಬೆಲೆನೇ 70 ಲಕ್ಷದ ಮ್ಯಾಲೆ. ಹೆಡ್‌ಲೈಟ್ ಒಡದ್ರ, ಸೆನ್ಸರ್ ಹೋದ್ರ, ಬ್ರೇಕ್ ಡಿಸ್ಕ್ ಸವೆದ್ರ ಬರೋ ಬಿಲ್ಲು 70 ಲಕ್ಷದ ಗಾಡೀದು, ನೀವು ಕೊಟ್ಟ 48 ಲಕ್ಷದ್ದಲ್ಲ. ಮೊದಲ್ನೇ ಓನರ್ ಯಾಕ ಮಾರ್ತಾನ ಅಂತ ಯೋಚನೆ ಮಾಡ್ರಿ. ಕೆಲವರು ಸುಮ್ನೆ ಹೊಸ ಮಾಡೆಲ್ ಬೇಕಂತ ಮಾರ್ತಾರ, ಅದು ಒಳ್ಳೆ ಗಾಡಿ. ಇನ್ನು ಕೆಲವರು ವಾರಂಟಿ, ಸರ್ವಿಸ್ ಪ್ಯಾಕೇಜ್ ಮುಗದ ಕೂಡ್ಲೇ ಮಾರ್ತಾರ, ಯಾಕಂದ್ರ ಅಲ್ಲಿ ತನಕ ಕಂಪನಿ ಹೊತ್ಕೊಂಡಿದ್ದ ಖರ್ಚು ಇನ್ಮುಂದ ಅವರ ಕಿಸೇಕ್ಕ ಬರ್ತೈತಿ, ಮತ್ತ ಆ ಖರ್ಚೇ ನಿಮ್ಮ ಕೈಗೆ ವರ್ಗಾ ಆಗೋದು.

ಆರು ವರ್ಷ ಆದ ಮ್ಯಾಲೆ ಏನೇನು ಬರ್ತಾವ ಅಂದ್ರ, ಮೊದ್ಲು ಏರ್ ಸಸ್ಪೆನ್ಷನ್. ಸ್ಪ್ರಿಂಗ್ ಜಾಗಾದಾಗ ಗಾಳಿ ತುಂಬಿದ ರಬ್ಬರ್ ಚೀಲ ಇರ್ತಾವ, ನಮ್ಮ ಬಿಸಿಲಿಗೆ ರಬ್ಬರ್ ಒಣಗಿ ಸಣ್ಣ ಸಣ್ಣ ಬಿರುಕು ಬಿಡ್ತಾವ, ಗಾಳಿ ಸೋರ್ತೈತಿ, ಸೋರಿದ್ದನ್ನ ತುಂಬಾಕ ಕಂಪ್ರೆಸರ್ ಹೊತ್ತಿಲ್ಲ ಗೊತ್ತಿಲ್ಲ ದುಡೀತೈತಿ, ಕಡೀಗೆ ಅದೂ ಸುಡ್ತೈತಿ. ರಾತ್ರಿ ನೆಟ್ಟಗ ನಿಂತಿದ್ದ ಗಾಡಿ ಮುಂಜಾನೆ ಒಂದು ಮೂಲಿ ಕೆಳಗ ಕೂತಿದ್ರ ಇದೇ ರೋಗ. ರಾಯಚೂರು ಕೊಪ್ಪಳ ಕಡೆ ಏಪ್ರಿಲ್ ಮೇ ಬಿಸಿಲು 40 ಡಿಗ್ರಿ ದಾಟ್ತೈತಿ, ಮ್ಯಾಲೆ ಭತ್ತದ ಧೂಳು, ಮಿಲ್ಲಿನ ತೌಡಿನ ಧೂಳು, ಸಂಡೂರು ತೋರಣಗಲ್ಲು ಕಡೆ ಹಾದ್ರ ಅದಿರಿನ ಕೆಂಪು ಧೂಳು. ಇದು ಬೆಂಗಳೂರಿನ ಗಾಡಿ ಕಂಡಿರೋ ಹವಾ ಅಲ್ಲ.

ಆಮ್ಯಾಲೆ ಟಯರ್. ಎಕ್ಸ್5ಗೆ ರನ್‌ಫ್ಲಾಟ್ ಟಯರ್ ಬರ್ತಾವ, ಪಂಕ್ಚರ್ ಆದ್ರೂ ಸ್ವಲ್ಪ ದೂರ ಮೆಲ್ಲಕ ಓಡ್ತಾವ, ಅದು ಚಲೋನೇ. ಆದ್ರ ಸೈಡ್‌ವಾಲ್, ಅಂದ್ರ ಟಯರಿನ ಬದಿ ಗೋಡೆ, ಗಟ್ಟಿ ಇರೋದ್ರಿಂದ ತಗ್ಗಿನಾಗ ಜೋರಾಗಿ ಬಿದ್ರ ಗುಳ್ಳೆ ಬರ್ತೈತಿ, ಗುಳ್ಳೆ ಬಂದ್ರ ರಿಪೇರಿ ಇಲ್ಲ, ಟಯರ್ರೇ ಬದಲಿ. ಆ ಸೈಜಿನ ಟಯರ್ ರಾತ್ರಿ ಹತ್ತಕ್ಕ ಸಿರುಗುಪ್ಪಾದಾಗ ಯಾವ ಅಂಗಡ್ಯಾಗ ಸಿಗ್ತೈತಿ ಹೇಳ್ರಿ. ಫಾರ್ಚೂನರ್‌ದು 265/60 ಆರ್18, ಒಳ್ಳೆ ದಪ್ಪ ರಬ್ಬರ್, ಪೂರಾ ಸೈಜಿನ ಸ್ಟೆಪ್ನಿ ಗಾಡಿ ಕೆಳಗೇ ತೂಗಾಡ್ತಿರ್ತೈತಿ. ಕಾರಟಗಿಯಿಂದ ಬೆಂಗಳೂರು ಹತ್ತಿರ ಹತ್ತಿರ ನಾನೂರು ಕಿಲೋಮೀಟರ್, ನಡುವೆ ಸಿಂಧನೂರು ಬಳ್ಳಾರಿ ಹಿರಿಯೂರು ಹೈವೇ 150ಎ ಮ್ಯಾಲೆ ಭತ್ತದ ಲಾರಿ, ಟ್ರ್ಯಾಕ್ಟರ್, ಮಳಿಗಾಲ ಮುಗದ ಮ್ಯಾಲೆ ತಗ್ಗು, ಈ ದಾರೀಗೆ ಟಯರ್ ವಿಷಯ ಸಣ್ಣದಲ್ಲ.

ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. ಬಿಎಂಡಬ್ಲ್ಯುದಾಗಿರೋದು ಝಡ್‌ಎಫ್ ಕಂಪನಿಯ 8 ಸ್ಪೀಡ್ ಆಟೋಮ್ಯಾಟಿಕ್, ನನ್ನ ಪ್ರಕಾರ ಅದಕ್ಕಿಂತ ಚಲೋ ಗೇರ್‌ಬಾಕ್ಸ್ ಕಡಿಮಿ. ಆಯಿಲ್ ಬದಲಿಸೋದೇ ಬ್ಯಾಡ, ಜೀವಮಾನ ಪೂರ್ತಿ ಬರ್ತೈತಿ ಅಂತ ಮಾರೋರು ಹೇಳ್ತಾರ, ಆದ್ರ ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗ ಬದಲಿಸ್ರಿ ಅಂತಾರ. ನೀವು ನೋಡಿದ ಗಾಡಿ 62 ಸಾವಿರ ಓಡೈತಿ, ಅಂದ್ರ ತಗೊಂಡ ಸ್ವಲ್ಪ ದಿನಕ್ಕೇ ಆ ಖರ್ಚು ನಿಮ್ಮ ಮುಂದ ಬಂದು ನಿಲ್ತೈತಿ. ಎಂಜಿನ್ 3 ಲೀಟರ್ ಆರು ಸಿಲಿಂಡರ್, 265 ಎಚ್‌ಪಿ, ಎಳೆಯೋ ಶಕ್ತಿ 620 ಎನ್‌ಎಂ. ಓಡ್ಸಿದ್ರ ಮನಸ್ಸು ಸೋಲ್ತೈತಿ, ಅದನ್ನ ನಾನು ಇಲ್ಲ ಅನ್ನಂಗಿಲ್ಲ. 2.8 ಲೀಟರ್ ಫಾರ್ಚೂನರ್ 204 ಪಿಎಸ್, ಆಟೋಮ್ಯಾಟಿಕ್‌ದಾಗ 500 ಎನ್‌ಎಂ, ಹೈವೇದಾಗ ಲಾರಿ ದಾಟಾಕ ಸಾಕಾದಷ್ಟು ಐತಿ, ಆದ್ರ ಆ ನಯ, ಆ ನಿಶ್ಶಬ್ದ ಇಲ್ಲ. ಲ್ಯಾಡರ್ ಫ್ರೇಮ್, ಅಂದ್ರ ಲಾರಿಯಂಗ ಏಣಿ ಥರದ ಚಾಸಿ, ಅದರ ಮ್ಯಾಲೆ ಕೂಡಿಸಿದ ಗಾಡಿ, ಸಣ್ಣ ವೇಗದಾಗ ಕುಲುಕ್ತೈತಿ, ತಿರುವಿನಾಗ ವಾಲ್ತೈತಿ, ಮೂರನೇ ಸಾಲಿನಾಗ ದೊಡ್ಡವರು ಕೂತ್ರ ಮೊಣಕಾಲು ಎದೀಗೆ ಬರ್ತಾವ. ಮಕ್ಕಳಿಗೆ ಆಗ್ತೈತಿ. ಆ ಸೀಟು ಮಡಚಿದ್ರೂ ಎರಡೂ ಬದಿಗೆ ನೇತು ಹಾಕಿದಂಗ ನಿಲ್ತಾವ, ಡಿಕ್ಕಿ ಜಾಗ ತಿಂತಾವ. ಅಷ್ಟು ರೊಕ್ಕ ಕೊಟ್ರೂ ಸನ್‌ರೂಫ್ ಇಲ್ಲ ಅಂತ ಮಕ್ಕಳು ಕೇಳ್ತಾರ, ಮೊದ್ಲೇ ಹೇಳಿ ಇಡ್ರಿ.

ಅವ್ವನ ಮೊಣಕಾಲಿನ ವಿಷಯಕ್ಕ ಬರೋಣ, ಇದು ನನಗ ಎಲ್ಲಕ್ಕಿಂತ ಮುಖ್ಯ ಅನ್ನಿಸ್ತು. ಫಾರ್ಚೂನರ್ ಎತ್ತರದ ಗಾಡಿ, ಫುಟ್‌ಬೋರ್ಡ್ ಮ್ಯಾಲೆ ಕಾಲಿಟ್ಟು, ಹಿಡಿ ಹಿಡಕೊಂಡು ಮೈ ಎತ್ತಬೇಕು, ಮೊಣಕಾಲು ನೋವು ಇರೋರಿಗೆ ಹತ್ತೋದಕ್ಕಿಂತ ಇಳಿಯೋದು ಇನ್ನೂ ಕಷ್ಟ. ಏರ್ ಸಸ್ಪೆನ್ಷನ್ ಇರೋ ಬಾಳ ಲಕ್ಸುರಿ ಗಾಡಿ ನಿಂತಾಗ ಕೆಳಗ ಇಳಿಸಬಹುದು, ಹತ್ತೋದು ಹಗುರ, ಇದು ಆ ಗಾಡಿಗಳದ್ದು ನಿಜವಾದ ಹೆಚ್ಚುಗಾರಿಕೆ. ಹಂಗಾಗಿ ಟೆಸ್ಟ್ ಡ್ರೈವ್‌ಗೆ ನೀವೊಬ್ರೇ ಹೋಗಬ್ಯಾಡ್ರಿ, ಅಪ್ಪ ಅವ್ವನ್ನ ಕರಕೊಂಡು ಹೋಗ್ರಿ, ಡೀಲರ್ ಅಂಗಳದಾಗ ಸುತ್ತು ಹಾಕಿಸಿದ್ರ ಸಾಲಂಗಿಲ್ಲ, ಹದಗೆಟ್ಟ ರೋಡಿಗೆ ಅರ್ಧ ತಾಸು ತಗೊಂಡು ಹೋಗ್ರಿ, ನಡು ಸಾಲಿನಾಗ ಅವ್ವನ್ನ ಕೂಡಿಸ್ರಿ, ನಾಲ್ಕು ಸಲ ಹತ್ತಿ ಇಳಿಸ್ರಿ. ಅವರಿಗೆ ಆಗಲಿಲ್ಲ ಅಂದ್ರ ಮೂರನೇ ದಾರಿ ಐತಿ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ಹೊಸ ಇನ್ನೋವಾ ಹೈಕ್ರಾಸ್ ಹೈಬ್ರಿಡ್. ಗತ್ತು ಕಡಿಮಿ, ಹೊಲದ ದಾರೀಗೆ ಅಷ್ಟಕ್ಕಷ್ಟೇ, ಆದ್ರ ಆರು ಮಂದಿ ಆರಾಮ್ ಕೂತು ಬೆಂಗಳೂರಿಗೆ ಹೋಗೋ ಗಾಡಿ, ಹತ್ತೋದು ಇಳಿಯೋದು ಸಲೀಸು, ಮತ್ತ ಬಜೆಟ್‌ದಾಗ ಒಂದಿಷ್ಟು ಲಕ್ಷ ಉಳೀತಾವ. ಹಳೆ ಇನ್ನೋವಾ ಕೊಟ್ಟು ಮತ್ತ ಇನ್ನೋವಾ ಏನು ಅಂತ ಊರಾಗ ಮಾತಾಡ್ತಾರ, ಮಾತಾಡ್ಲಿ ಬಿಡ್ರಿ, ಗಾಡ್ಯಾಗ ಕೂಡೋರು ನಿಮ್ಮ ಅವ್ವ.

ಈಗ ದೆಲ್ಲಿ ಗಾಡಿ. 28 ಲಕ್ಷಕ್ಕ ಕ್ಯೂ7 ಅಂದ್ರ ಯಾರಿಗಾದ್ರೂ ಆಸೆ ಆಗ್ತೈತಿ. ಅಲ್ಲಿ ಸೋವಿ ಯಾಕಂದ್ರ, 2015ರಾಗ ಎನ್‌ಜಿಟಿ, ಅಂದ್ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಆದೇಶ ಬಂದಾಗಿಂದ 10 ವರ್ಷದ ಮ್ಯಾಲಿನ ಡೀಸೆಲ್ ಗಾಡಿ ಮ್ಯಾಲೆ ಅಲ್ಲಿ ನಿರ್ಬಂಧದ ಕತ್ತಿ ತೂಗ್ತಾನೇ ಐತಿ, ಕೋರ್ಟಿನಾಗ ಹಗ್ಗಜಗ್ಗಾಟ ನಡದ್ರೂ ಅಲ್ಲಿಯವರು ಏಳೆಂಟು ವರ್ಷ ಆಗೋದ್ರಾಗೇ ಡೀಸೆಲ್ ಗಾಡಿ ಹೊರಗ ದಾಟಿಸ್ತಾರ. ಮ್ಯಾಲಿಂದ ಆಡಿಯವರು 2020ರ ಏಪ್ರಿಲ್‌ಗೆ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗ ನಮ್ಮ ದೇಶದಾಗ ಡೀಸೆಲ್ ಮಾರೋದೇ ನಿಲ್ಲಿಸಿದ್ರು, ಅಂದ್ರ ಡೀಸೆಲ್ ಕ್ಯೂ7 ಯಾವುದು ನೋಡಿದ್ರೂ ಹಳೇದೇ. ಆದ್ರ 28 ಅನ್ನೋದು ಮನೀಗೆ ಮುಟ್ಟೋ ಬೆಲೆ ಅಲ್ಲ. ನಮ್ಮ ರಾಜ್ಯದಾಗ 12 ತಿಂಗಳಿಗಿಂತ ಹೆಚ್ಚು ಇಟ್ಕೊಂಡ್ರ ಇಲ್ಲಿ ನಂಬರ್ ಹಾಕಿಸಲೇಬೇಕು, ದೆಲ್ಲಿ ಆರ್‌ಟಿಓದಿಂದ ಎನ್‌ಒಸಿ, ಅಂದ್ರ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ತರಬೇಕು, ಪೊಲೀಸ್ ಕ್ಲಿಯರೆನ್ಸ್, ಸಾಲ ಇದ್ದಿದ್ರ ಬ್ಯಾಂಕಿನ ಕಾಗದ, ಆಮ್ಯಾಲೆ ಕೊಪ್ಪಳ ಆರ್‌ಟಿಓದಾಗ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಕೆಎ 37 ಹಾಕಿಸ್ಬೇಕು. ಟ್ಯಾಕ್ಸ್ ಲೆಕ್ಕ ನೀವು ಕೊಟ್ಟ 28 ಲಕ್ಷದ ಮ್ಯಾಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಮ್ಯಾಲೆ, ವಯಸ್ಸು ಆದಂಗ ಸ್ವಲ್ಪ ರಿಯಾಯಿತಿ ಕೊಡ್ತಾರ ಅಷ್ಟೇ. ನಮ್ಮಲ್ಲಿ 20 ಲಕ್ಷದ ಮ್ಯಾಲಿನ ಕಾರಿಗೆ ಶೇ 18, ಅದರ ಮ್ಯಾಲೆ ಶೇ 11 ಸೆಸ್, ಕೂಡಿದ್ರ ಹತ್ತಿರ ಹತ್ತಿರ ಶೇ 20. ಎಷ್ಟಾಗ್ತೈತಿ ಅಂತ ಆರ್‌ಟಿಓ ಆಫೀಸಿನಾಗ ಮೊದ್ಲು ಬರಸ್ಕೊಂಡು ಆಮ್ಯಾಲೆ ದೆಲ್ಲಿಯವನ ಫೋನ್ ಎತ್ತ್ರಿ, ಅಡ್ವಾನ್ಸ್ ಮಾತ್ರ ಈಗ ಹಾಕಬ್ಯಾಡ್ರಿ. ಹಂಗ ನೋಡಿದ್ರ ಬೆಂಗಳೂರಿನ ಎಕ್ಸ್5 ಕೆಎ ನಂಬರ್ ಇದ್ರ ಈ ತಲೆನೋವು ಇಲ್ಲ, ಟ್ಯಾಕ್ಸ್ ಮೊದಲ್ನೇ ಓನರ್ ಕಟ್ಟಿ ಮುಗಿಸ್ಯಾನ, ನಿಮಗ ಹೆಸರು ಬದಲಾವಣೆ ಖರ್ಚು ಮಾತ್ರ.

ಹೊಸ ಗಾಡಿಗೂ ಇದೇ ಟ್ಯಾಕ್ಸ್ ಬಡೀತೈತಿ. ಎಕ್ಸ್‌ಶೋರೂಮ್ 38 ಲಕ್ಷ ಅಂತ ಹಿಡ್ಕೊಂಡ್ರ ಶೇ 18 ಅಂದ್ರ 6 ಲಕ್ಷ 84 ಸಾವಿರ, ಅದರ ಮ್ಯಾಲೆ ಸೆಸ್ 75 ಸಾವಿರ ಚಿಲ್ರೆ, ಒಟ್ಟು ಏಳೂವರೆ ಲಕ್ಷ ದಾಟ್ತು. ಈ ರೊಕ್ಕ ಯಾವತ್ತೂ ವಾಪಸ್ ಬರಂಗಿಲ್ಲ. ಶೇ 1 ಟಿಸಿಎಸ್, ಅಂದ್ರ ಮುಂಗಡ ಇನ್ಕಂ ಟ್ಯಾಕ್ಸ್, ಅಂತ ಡೀಲರ್ ಹಿಡೀತಾನ, 10 ಲಕ್ಷದ ಮ್ಯಾಲಿನ ಗಾಡಿಗೆಲ್ಲ ಹಿಡೀತಾರ, ಅದನ್ನ ಮಾತ್ರ ನಿಮ್ಮ ಇನ್ಕಂ ಟ್ಯಾಕ್ಸ್ ರಿಟರ್ನ್‌ದಾಗ ತೋರಿಸಿ ಹೊಂದಿಸ್ಕೋಬಹುದು, ಆಡಿಟರ್‌ಗೆ ನೆನಪು ಮಾಡ್ರಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗೆ ಜಿಎಸ್‌ಟಿ ಶೇ 40 ಆಗೈತಿ, ಮೊದ್ಲು ಶೇ 28ರ ಮ್ಯಾಲೆ ಶೇ 22 ಸೆಸ್ ಕೂಡಿ ಶೇ 50 ಇತ್ತು, ಹಂಗಾಗಿ ಹೊಸ ಗಾಡಿ ಬೆಲೆ ಇಳದೈತಿ. ಹಳೆ ಗಾಡಿ ಮಾರೋರು ಕೆಲವರು ಇನ್ನೂ ಹಿಂದಿನ ಬೆಲೆ ಲೆಕ್ಕದಾಗೇ ರೇಟು ಹೇಳ್ತಾರ, ಚೌಕಾಸಿ ಮಾಡೋವಾಗ ಇದು ನಿಮ್ಮ ಕೈಯಾಗಿನ ಅಸ್ತ್ರ.

ಮಿಲ್ ಹೆಸರಿನಾಗ ತಗೊಂಡ್ರ ಜಿಎಸ್‌ಟಿ ಇನ್‌ಪುಟ್, ಅಂದ್ರ ಗಾಡಿಗೆ ಕಟ್ಟಿದ ಜಿಎಸ್‌ಟಿನ ಮಿಲ್ಲಿನ ಜಿಎಸ್‌ಟಿಯಾಗ ಹೊಂದಿಸ್ಕೊಳ್ಳೋದು, ಸಿಗ್ತೈತಾ ಅಂತ ನಿಮ್ಮಂಥ ಬಾಳ ಮಂದಿ ಕೇಳ್ತಾರ. ಸ್ವಂತ ಓಡಾಟದ ಕಾರಿಗೆ ಸಿಗಂಗಿಲ್ಲ. ಇನ್ಕಂ ಟ್ಯಾಕ್ಸ್‌ದಾಗ ಡಿಪ್ರಿಸಿಯೇಷನ್, ಅಂದ್ರ ಸವಕಳಿ ಲೆಕ್ಕ, ಶೇ 15 ಹಾಕ್ಕೋಬಹುದು, ತಗೊಂಡ ವರ್ಷದಾಗ 180 ದಿನಕ್ಕಿಂತ ಕಡಿಮಿ ಬಳಸಿದ್ರ ಅದರ ಅರ್ಧ. ಹೊಸದಕ್ಕೂ ಹಳೇದಕ್ಕೂ ಒಂದೇ ನಿಯಮ.

ನಾನು ಹೊಸದು ಅಂತ ಯಾಕ ಇಷ್ಟು ಒತ್ತಿ ಹೇಳ್ತೀನಿ ಅಂದ್ರ, ನಿಮ್ಮ ದುಡಿಮೆ ಸೀಸನ್ ಮ್ಯಾಲೆ ನಿಂತೈತಿ. ನವೆಂಬರ್ ಡಿಸೆಂಬರ್‌ದಾಗ ತುಂಗಭದ್ರಾ ನೀರಿನ ಭತ್ತ ಬಂತು ಅಂದ್ರ ರೊಕ್ಕೆಲ್ಲ ಖರೀದಿಗೆ ಸುರೀತೀರಿ, ಅದೇ ಹೊತ್ತಿಗೆ ದಿನಾ ಓಡಾಟನೂ ಜಾಸ್ತಿ. ಆಗ ಡ್ಯಾಶ್‌ಬೋರ್ಡ್ ಮ್ಯಾಲೆ ಒಂದು ಹಳದಿ ಲೈಟು ಬಂದು ಗಾಡಿ ಲಿಂಪ್ ಮೋಡಿಗೆ ಹೋಗಿ ಮೆಲ್ಲಕ ತೆವಳಾಕ ಹತ್ತಿದ್ರ, ಫ್ಲ್ಯಾಟ್‌ಬೆಡ್ ಲಾರಿ ಕರೆಸಿ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸ್ಬೇಕು, ಪಾರ್ಟ್ ಬರೋ ತನಕ ವರ್ಕ್‌ಶಾಪಿನಾಗ ಬಿಡಬೇಕು, ಮೂರು ನಾಲ್ಕು ಲಕ್ಷದ ಎಸ್ಟಿಮೇಟ್ ವಾಟ್ಸಾಪ್‌ಗೆ ಬಂದ್ರ ಆವತ್ತೇ ಹೂಂ ಅನ್ನಬೇಕು. ಫಾರ್ಚೂನರ್ ಬಿಡದಿಯಾಗ ತಯಾರಾಗೋ ಗಾಡಿ, 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ, ರೊಕ್ಕ ಕೊಟ್ರ 5 ವರ್ಷದ ತನಕ ಎಳೀಬಹುದು, ಸರ್ವಿಸ್ ನಮ್ಮ ಭಾಗದಾಗೇ ಆಗ್ತೈತಿ. ಅದೇನು ಕೆಡೋದೇ ಇಲ್ಲ ಅಂತಲ್ಲ, ಕೆಟ್ರ ಕೈ ಹಾಕೋ ಮೆಕ್ಯಾನಿಕ್ ಸಿಂಧನೂರಾಗೂ ಅದಾನ, ಗಂಗಾವತಿಯಾಗೂ ಅದಾನ. ಐದು ವರ್ಷ ಆದ ಮ್ಯಾಲೆ ಮಾರಾಕ ನಿಂತ್ರ ಫಾರ್ಚೂನರ್‌ಗೆ ನಿಮ್ಮ ಬಾಗಿಲಿಗೇ ಗಿರಾಕಿ ಬರ್ತಾರ, ಹತ್ತು ವರ್ಷ ದಾಟಿದ ಎಕ್ಸ್5ಗೆ ನೀವೇ ಗಿರಾಕಿ ಹುಡುಕ್ಕೊಂಡು ಹೋಗಬೇಕು.

ನಮ್ಮ ಕಡೆದ್ದೇ ಎರಡು ಅಪಾಯ ಅದಾವು, ಗಾಡಿ ಯಾವುದಾದ್ರೂ ಸರಿ ನೆನಪಿಡ್ರಿ. ಸುಗ್ಗಿಯಾಗ ರೋಡಿನ ಮ್ಯಾಲೆ ಹುರುಳಿ, ಜೋಳ, ತೊಗರಿ ಹಾಸಿರ್ತಾರ ಒಕ್ಕಾಕ. ಅದರ ಮ್ಯಾಲೆ ಹಾಯಿಸಿದ್ರ ಬಳ್ಳಿ, ಕಡ್ಡಿ ಕೆಳಗಿನ ಶಾಫ್ಟಿಗೆ ಸುತ್ಕೊಂಡು, ಸೈಲೆನ್ಸರ್ ಕಾವಿಗೆ ಬೆಂಕಿ ಹತ್ತಿ ಗಾಡಿ ಪೂರ್ತಿ ಸುಟ್ಟಿದ್ದು ನಮ್ಮ ಉತ್ತರ ಕರ್ನಾಟಕದಾಗ ಆಗೈತಿ. ಈಗಿನ ಡೀಸೆಲ್‌ಗೆ ಡಿಪಿಎಫ್ ಅಂತ ಹೊಗೆ ಮಸಿ ಹಿಡಿಯೋ ಫಿಲ್ಟರ್ ಇರ್ತೈತಿ, ಅದು ಮಸಿ ಸುಡೋವಾಗ ಒಳಗಿನ ಕಾವು 600 ಡಿಗ್ರಿ ಹತ್ತಿರ ಹೋಗ್ತೈತಿ. ಹಂಗಾಗಿ ಹುಲ್ಲಿನ ಮ್ಯಾಲೆ, ಭತ್ತದ ಒಣ ಮೇವಿನ ಮ್ಯಾಲೆ ಗಾಡಿ ನಿಲ್ಲಿಸಬ್ಯಾಡ್ರಿ. ಮತ್ತ ಮನಿಯಿಂದ ಮಿಲ್ಲಿಗೆ ಮೂರು ನಾಲ್ಕು ಕಿಲೋಮೀಟರ್ ಅಷ್ಟೇ ದಿನಾ ಓಡ್ಸಿದ್ರ ಆ ಫಿಲ್ಟರ್ ಕಟ್ಕೋತೈತಿ, ನಿಮ್ಮದು ತಿಂಗಳಿಗೆ ಎರಡು ಸಲ ಬೆಂಗಳೂರು ಐತಲ್ಲ, ಅದರಿಂದ ನಿಮಗ ಈ ಕಾಟ ಕಡಿಮಿ. ಇನ್ನೊಂದು ಇಲಿ. ಮಿಲ್ಲಿನ ಗೋಡೌನ್ ಪಕ್ಕ ನಿಲ್ಲಿಸಿದ ಗಾಡ್ಯಾಗ ಇಲಿ ಹೊಕ್ಕು ವೈರ್ ಕಡಿಯೋದು ನಿಮಗ ನಾನು ಹೇಳಬೇಕಿಲ್ಲ, ಆದ್ರ ಹತ್ತಾರು ಕಂಪ್ಯೂಟರ್ ಇರೋ ಜರ್ಮನ್ ಗಾಡ್ಯಾಗ ಒಂದು ಹಾರ್ನೆಸ್, ಅಂದ್ರ ವೈರಿನ ಕಟ್ಟು, ಹೋದ್ರ ಎಲ್ಲಿ ಕಡದೈತಿ ಅಂತ ಹುಡುಕಾಕೇ ದಿನಗಟ್ಟಲೆ ಹಿಡೀತೈತಿ.

ಇಷ್ಟು ಹೇಳಿದ ಮ್ಯಾಲೂ ನಿಮ್ಮ ಮನಸ್ಸು ಎಕ್ಸ್5 ಕಡೆಗೇ ಎಳದ್ರ, ಇನ್ನೋವಾ ಕೊಡಬ್ಯಾಡ್ರಿ, ಮನ್ಯಾಗೇ ಇರ್ಲಿ, ಹೊಲ ಮಿಲ್ಲು ಅದರಾಗ, ಬೆಂಗಳೂರು ಇದರಾಗ. ಆಗ ನನ್ನ ಸಲಹೆನೂ ಬದಲಾಗ್ತೈತಿ, ಬೈಯೋ ಮಾತಿಲ್ಲ. ಆದ್ರ 48 ಕೊಟ್ಟು ಕೈ ಖಾಲಿ ಮಾಡ್ಕೋಬ್ಯಾಡ್ರಿ, 42 ಒಳಗ ಗಾಡಿ, ಉಳಿದ ರೊಕ್ಕ ರಿಪೇರಿಗೆ ಅಂತ ಬೇರೆ ಅಕೌಂಟಿನಾಗ. ಕಂಪನಿಯವರೇ ನಡೆಸೋ ಹಳೆ ಗಾಡಿ ಯೋಜನೆ ಅದಾವು, ಬಿಎಂಡಬ್ಲ್ಯುದು ಪ್ರೀಮಿಯಂ ಸೆಲೆಕ್ಷನ್ ಅಂತ, ಬೆಲೆ ಸ್ವಲ್ಪ ಜಾಸ್ತಿ ಆದ್ರೂ ವಾರಂಟಿ ಸಮೇತ ಸಿಗ್ತೈತಿ, ಸಾಧ್ಯ ಆದ್ರ ಅಲ್ಲೇ ನೋಡ್ರಿ.

ಹೊರಗ ತಗೊಂಡ್ರ ನೋಡೋದು ಹಿಂಗ. ಮುಂಜಾನೆ ಹೋಗ್ರಿ, ಹಿಂದಿನ ರಾತ್ರಿಯಿಂದ ಗಾಡಿ ಶುರು ಮಾಡಿರಬಾರ್ದು, ಬಾನೆಟ್ ಮುಟ್ಟಿ ನೋಡ್ರಿ, ತಣ್ಣಗಿರಬೇಕು, ನಾಲ್ಕೂ ಮೂಲಿ ಸಮ ಎತ್ತರ ಇರಬೇಕು. ಸ್ಟಾರ್ಟ್ ಮಾಡಿದಾಗ ಎಂಜಿನ್ ಹಿಂಭಾಗದಾಗ ಕಟಕಟ ಸಪ್ಪಳ ಬಂದ್ರ ಎಂಜಿನ್ ಒಳಗಿನ ಟೈಮಿಂಗ್ ಚೈನ್ ಕೆಟ್ಟೈತಿ ಅಂತ ಅನುಮಾನ ಪಡ್ರಿ, ಈ ಎಂಜಿನ್‌ದಾಗ ಚೈನ್ ಗೇರ್‌ಬಾಕ್ಸ್ ಬದಿಗೆ ಐತಿ, ಅದನ್ನ ಮಾಡಬೇಕಂದ್ರ ಬಾಳ ಬಿಚ್ಚಬೇಕು. ಅಧಿಕೃತ ವರ್ಕ್‌ಶಾಪಿಗೆ ರೊಕ್ಕ ಕೊಟ್ಟು ಕಂಪನಿ ಸಾಫ್ಟ್‌ವೇರ್‌ದಾಗ ಸ್ಕ್ಯಾನ್ ಮಾಡಿಸ್ರಿ, ಕಿಲೋಮೀಟರ್ ಮೀಟರ್ ತಿರುಗಿಸಿದ್ರೂ ಬೇರೆ ಮಾಡ್ಯೂಲ್‌ಗಳಾಗ ಹಳೆ ಲೆಕ್ಕ ಉಳದಿರ್ತೈತಿ, ಚಾಸಿ ನಂಬರ್ ಹಾಕಿದ್ರ ಸರ್ವಿಸ್ ಹಿಸ್ಟರಿನೂ ಬರ್ತೈತಿ. ಸ್ಕ್ಯಾನ್‌ಗೆ ಮಾರೋನು ಒಪ್ಪಲಿಲ್ಲ ಅಂದ್ರ ಅಲ್ಲಿಂದ ಎದ್ದು ಬರ್ರಿ.

ನೀರಾಗ ಮುಳುಗಿದ ಗಾಡಿ ಬಗ್ಗೆ ಜ್ವಾಕಿ. 2022ರ ಸೆಪ್ಟೆಂಬರ್‌ದಾಗ ಬೆಂಗಳೂರಿನ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಾಗ, ವಿಲ್ಲಾಗಳಾಗ ದೊಡ್ಡ ದೊಡ್ಡ ಗಾಡಿ ಮುಳುಗಿದ್ವು, ನೀವು ನೋಡಿದ್ದು 2019ರ ಬೆಂಗಳೂರಿನ ಗಾಡಿ. ಎಲ್ಲ ಸೀಟ್ ಬೆಲ್ಟ್ ಪೂರ್ತಿ ಹೊರಗ ಎಳೀರಿ, ಕೊನೆ ತುದಿಯಾಗ ಕೆಸರಿನ ಗೆರೆ ಇದ್ರ ಬ್ಯಾಡ. ಡಿಕ್ಕಿ ತಳದ ಮುಚ್ಚಳ ಎತ್ತಿ ನೋಡ್ರಿ, ಕಾರ್ಪೆಟ್ ಕೆಳಗ ಕೈ ಹಾಕ್ರಿ, ಸೀಟಿನ ಕೆಳಗಿನ ಕನೆಕ್ಟರ್‌ದಾಗ ಹಸಿರು ಕಿಲುಬು ಇದ್ರೂ ಬ್ಯಾಡ. ಟಯರ್ ಮ್ಯಾಲಿನ ನಾಲ್ಕು ಅಂಕಿ ಓದ್ರಿ, 2219 ಅಂತಿದ್ರ 2019ರ 22ನೇ ವಾರದ್ದು, ಅಂದ್ರ ನಾಲ್ಕೂ ಹೊಸ ಟಯರ್ ಖರ್ಚು ಬೆಲೆಯಾಗ ಕಡೀಬೇಕು. ಸರ್ಕಾರದ ಎಂಪರಿವಾಹನ್ ಆ್ಯಪ್‌ದಾಗ ಸಾಲ, ಚಲನ್, ಬ್ಲ್ಯಾಕ್‌ಲಿಸ್ಟ್ ನೋಡ್ರಿ.

ಇನ್ಶೂರೆನ್ಸ್‌ದಾಗ ಬಾಳ ಮಂದಿ ಎಡವ್ತಾರ. ಹಳೆ ಓನರ್‌ನ ನೋ ಕ್ಲೇಮ್ ಬೋನಸ್, ಅಂದ್ರ ಕ್ಲೇಮ್ ಮಾಡದೇ ಇದ್ದಿದ್ದಕ್ಕ ಸಿಗೋ ರಿಯಾಯಿತಿ, ಗಾಡಿ ಜೋಡಿ ಬರಂಗಿಲ್ಲ, ಅದು ಅವನ್ದು. ನಿಮ್ಮ ಇನ್ನೋವಾದ್ದು ನಿಮ್ದು, ಕೊಡೋವಾಗ ಸರ್ಟಿಫಿಕೇಟ್ ತಗೊಂಡು ಹೊಸ ಗಾಡಿಗೆ ಹಚ್ಚಿಸ್ರಿ, ಇದನ್ನ ಫಾರ್ಚೂನರ್ ತಗೊಂಡ್ರೂ ಮರೀಬ್ಯಾಡ್ರಿ. ಝೀರೋ ಡೆಪ್, ಅಂದ್ರ ಪಾರ್ಟಿನ ಸವಕಳಿ ಅಂತ ರೊಕ್ಕ ಕಡಿಯದ ಪಾಲಿಸಿ, ಸಾಮಾನ್ಯವಾಗಿ 5 ವರ್ಷದ ತನಕ ಸಲೀಸು ಸಿಗ್ತೈತಿ, ಅದು ದಾಟಿದ ಲಕ್ಸುರಿ ಗಾಡಿಗೆ ಯಾರು ಕೊಡ್ತಾರ, ಎಷ್ಟಕ್ಕ ಕೊಡ್ತಾರ ಅಂತ ಮೊದ್ಲೇ ಕೇಳಿ ಇಟ್ಕೋರಿ, ಬಂಪರ್ ಹೆಡ್‌ಲೈಟ್ ಒಡದಾಗ ಅರ್ಧ ರೊಕ್ಕ ನಿಮ್ಮ ಕೈಯಿಂದ ಹೋದ್ರ ಬ್ಯಾಸರ ಆಗ್ತೈತಿ. ಹೆಸರು ಬದಲಾವಣೆ ಫಾರ್ಮ್ 29, 30ಕ್ಕ ಸಹಿ ಆದ ದಿನದಿಂದ 14 ದಿನದೊಳಗ ಪಾಲಿಸಿನೂ ನಿಮ್ಮ ಹೆಸರಿಗೆ ಮಾಡಿಸ್ರಿ, ಅಲ್ಲಿ ತನಕ ಗಾಡಿ ಶೆಡ್ಡಿನಾಗೇ ಇರ್ಲಿ, ಹೊರಗ ತೆಗೀಬ್ಯಾಡ್ರಿ.